ನೋಡಿ ನೋಡೇ ಕೊಲ್ಲುವ ಬೆಳಕು: ಕಾನ್ಫೋಕಲ್ ಸೂಕ್ಷ್ಮದರ್ಶಕದ ಕಥೆ

ಕಾವಿಗೆ ಕೂತ ಕೋಳಿಯ ಕೆಳಗಿಂದ ಮೊಟ್ಟೆ ತೆಗೆದು, ಕತ್ತಲಲ್ಲಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಒಳಗೆ ಕೆಂಪು ನರ ಹರಡಿದ್ದರೆ ಮರಿ ಇದೆ ಅಂತ. ಏನೂ ಕಾಣದಿದ್ದರೆ ಅದು ಅಡುಗೆಮನೆಗೆ. ಚಿಕ್ಕವರಿದ್ದಾಗ ನಾವು ದಿನಕ್ಕೆ ನಾಲ್ಕು ಸಲ ಹೀಗೆ ನೋಡಲು ಹೋಗಿ ಅಜ್ಜಿಯ ಕೈಲಿ ಬೈಸಿಕೊಂಡಿದ್ದೇವೆ. "ಬಿಡ್ರೋ ಅದನ್ನ, ನೋಡಿ ನೋಡೇ ಕೊಂದ್ಬಿಡ್ತೀರ!" ಅನ್ನುತ್ತಿದ್ದರು.

ಅಜ್ಜಿಯ ಆ ಮಾತು ಮತ್ತೆ ನೆನಪಾದದ್ದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ.

ನಮ್ಮ ಪಕ್ಕದ ಊರಿನ ಒಬ್ಬ ಹುಡುಗಿ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಜೀವಕೋಶ ಒಂದಿದ್ದದ್ದು ಎರಡಾಗುವುದನ್ನು 48 ಗಂಟೆ ಬಿಡದೆ ನೋಡಬೇಕು, ಅದು ಅವಳ ಕೆಲಸ. ಹತ್ತು ನಿಮಿಷಕ್ಕೊಂದು ಚಿತ್ರ. ಸಂಜೆ ಯಂತ್ರ ಚಾಲೂ ಮಾಡಿ ಹೋಗುತ್ತಿದ್ದಳು, ಬೆಳಿಗ್ಗೆ ಬಂದು ನೋಡಿದರೆ ಕೋಶಗಳು ಗುಂಡಗೆ ಮುದುಡಿ ಸತ್ತಿರುತ್ತಿದ್ದವು. ಅವುಗಳಿಗೆ ಹಾಕುವ ಆಹಾರದ ದ್ರವ ಬದಲಿಸಿದಳು. ತಟ್ಟೆ ಬದಲಿಸಿದಳು. ತನ್ನ ಕೈಗುಣವೇ ಸರಿಯಿಲ್ಲ ಅಂದುಕೊಂಡಳು. ಹೀಗೆ ನಾಲ್ಕು ತಿಂಗಳು ಹೋಯಿತು. ಒಂದು ದಿನ ಅದೇ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿದಾಗ ವಿಷಯ ಗೊತ್ತಾಯಿತು. ಬೆಳಕು ಬಿದ್ದ ಚೌಕದೊಳಗಿನ ಕೋಶಗಳು ಮಾತ್ರ ಸತ್ತಿದ್ದವು. ಅದರಾಚೆ ಕೂದಲೆಳೆಯಷ್ಟು ದೂರದಲ್ಲಿದ್ದವು ಎರಡಾಗಿ, ನಾಲ್ಕಾಗಿ, ತುಂಬಿಕೊಂಡು ಕೂತಿದ್ದವು.

"ಅಣ್ಣ, ನಾನೇ ಸಾಯಿಸ್ತಿದ್ದೆ. ನೋಡಿ ನೋಡಿ" ಅಂದಳು.

ಈಗ ಅವರ ಪ್ರಯೋಗಾಲಯ ಹೊಸ ಸೂಕ್ಷ್ಮದರ್ಶಕ ಕೊಳ್ಳಬೇಕಾಗಿದೆ. ಇವುಗಳ ಬೆಲೆ ಸುಲಭವಾಗಿ ಕೋಟಿ ದಾಟುತ್ತದೆ. ಕೊಡುವುದು ಸರ್ಕಾರದ ದುಡ್ಡು, ಅಂದರೆ ನಿಮ್ಮದೂ ನಮ್ಮದೂ. ಒಮ್ಮೆ ತಂದರೆ ಹತ್ತು ವರ್ಷ ಅದರ ಜೊತೆಯೇ ಸಂಸಾರ. ಯಾವುದನ್ನು ಕೊಳ್ಳಬೇಕು ಅನ್ನುವುದರ ಮೇಲೆ ಅವಳ ಉಳಿದ ಎರಡು ವರ್ಷ ನಿಂತಿದೆ. ಅವಳು ಹೇಳಿದ್ದನ್ನು ಕೇಳಿ, ಆಮೇಲೆ ನಾವೂ ಓದಿ ತಿಳಿದುಕೊಂಡಾಗ ಇದರ ಹಿಂದೆ ಎಪ್ಪತ್ತು ವರ್ಷದ ಕಥೆ ಇರುವುದು ಗೊತ್ತಾಯಿತು. ಅದನ್ನೇ ಇಲ್ಲಿ ಬರೆದಿದ್ದೇವೆ.

ಕಥೆ ಶುರುವಾಗುವುದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ, 1955ರಲ್ಲಿ. ಮಾರ್ವಿನ್ ಮಿನ್ಸ್ಕಿ ಅನ್ನುವ ತರುಣನಿಗೆ ಮೆದುಳಿನೊಳಗೆ ನರಕೋಶಗಳು ಒಂದಕ್ಕೊಂದು ಹೇಗೆ ಜೋಡಿಸಿಕೊಂಡಿವೆ ಎಂದು ನೋಡುವ ಆಸೆ. ಮುಂದೆ ಯಂತ್ರಕ್ಕೆ ಬುದ್ಧಿ ಕಲಿಸುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಮಿನ್ಸ್ಕಿ ಇವರೇ. ಈಗ ನಮ್ಮ ಫೋನಿನಲ್ಲೆಲ್ಲ ಎಐ ಎಐ ಅನ್ನುತ್ತೇವಲ್ಲ, ಅದಕ್ಕೆ.

ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಮೆದುಳಿನ ದಪ್ಪ ಚೂರನ್ನು ಇಟ್ಟರೆ ಎಲ್ಲ ಪದರಗಳೂ ಒಟ್ಟಿಗೆ ಬೆಳಗುತ್ತವೆ. ನೋಡಬೇಕಾದ ಪದರದ ಮೇಲೆ ಕೆಳಗಿನವುಗಳ ಮಬ್ಬು ಬಂದು ಕೂರುತ್ತದೆ. ಬಾವಿಯ ಕೆಸರು ನೀರಿನಲ್ಲಿ ಬಿದ್ದ ಬಿಂದಿಗೆ ಹುಡುಕಿದ ಹಾಗೆ. ಮಿನ್ಸ್ಕಿ ಮಾಡಿದ ಉಪಾಯ ಸರಳ. ದೀಪದ ಮುಂದೆ ಸೂಜಿಯ ಮೊನೆಯಷ್ಟು ಒಂದು ತೂತು, ಬೆಳಕನ್ನು ಹಿಡಿಯುವ ಕಡೆ ಅಂಥದ್ದೇ ಇನ್ನೊಂದು ತೂತು. ಎರಡೂ ವಸ್ತುವಿನೊಳಗಿನ ಒಂದೇ ಚುಕ್ಕೆಗೆ ಗುರಿಯಿಟ್ಟಿರುತ್ತವೆ. ಆ ಚುಕ್ಕೆಯಿಂದ ಬಂದ ಬೆಳಕು ಎರಡನೇ ತೂತಿನಲ್ಲಿ ನುಸುಳುತ್ತದೆ. ಮೇಲಿನ ಕೆಳಗಿನ ಪದರದ ಬೆಳಕು ತೂತಿನ ಪಕ್ಕದ ತಗಡಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಕಾನ್ಫೋಕಲ್ ಅಂದರೆ ಇಷ್ಟೇ: ಎರಡು ಕಡೆಯ ಗುರಿ ಒಂದೇ ಕಡೆ.

ಒಂದು ಸಲಕ್ಕೆ ಒಂದೇ ಚುಕ್ಕೆ ಕಾಣುವುದರಿಂದ ಚುಕ್ಕೆ ಚುಕ್ಕೆಯಾಗಿ ಇಡೀ ಚಿತ್ರ ಕಟ್ಟಬೇಕು. ಆಗ ಲೇಸರ್ ಇರಲಿಲ್ಲ, ಅದು ಹುಟ್ಟಿದ್ದು 1960ರಲ್ಲಿ. ಚಿತ್ರ ಉಳಿಸಿಕೊಳ್ಳಲು ಕೈಗೆಟಕುವ ಕಂಪ್ಯೂಟರ್ ಇರಲಿಲ್ಲ. ಮಿನ್ಸ್ಕಿ ಬೆಳಕನ್ನು ನಿಲ್ಲಿಸಿ ವಸ್ತುವನ್ನೇ ಅತ್ತಿತ್ತ ಅಲುಗಿಸಿದರು. ಸೇನೆಯವರು ಬಳಸಿ ಬಿಟ್ಟ ರೇಡಾರ್ ಪರದೆಯ ಮೇಲೆ ಚಿತ್ರ ಮೂಡಿಸಿದರು. 1957ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1961ರಲ್ಲಿ ಸಿಕ್ಕಿತು. ಆದರೆ ಕೊಳ್ಳುವವರಿಲ್ಲ. ಜಗತ್ತಿಗೆ ಆ ಯಂತ್ರ ಬೇಕಾಗುವ ಹೊತ್ತಿಗೆ ಪೇಟೆಂಟಿನ ಅವಧಿಯೇ ಮುಗಿದಿತ್ತು.

ಮುಂದಿನ ಹೆಜ್ಜೆ ಆಗಿನ ಜೆಕೊಸ್ಲೊವಾಕಿಯಾದಲ್ಲಿ. ಪಿಲ್ಸೆನ್ ಊರಿನ ಮೊಯ್ಮೀರ್ ಪೆಟ್ರಾನ್ ಮತ್ತು ಮಿಲಾನ್ ಹದ್ರಾವ್ಸ್ಕಿ 1960ರ ದಶಕದಲ್ಲಿ ಒಂದರ ಬದಲು ಸಾವಿರಾರು ತೂತುಗಳಿರುವ ತಟ್ಟೆಯನ್ನು ಗಿರಗಿರನೆ ತಿರುಗಿಸಿದರು. ಇಂಥ ತಟ್ಟೆಯ ಕಲ್ಪನೆ ಹಳೆಯದು. 1884ರಲ್ಲಿ ಜರ್ಮನಿಯ ಪಾಲ್ ನಿಪ್ಕೋ ಚಿತ್ರವನ್ನು ತಂತಿಯಲ್ಲಿ ಕಳಿಸಲು ಯೋಚಿಸಿದ್ದ ತಟ್ಟೆ ಅದು, ಟಿವಿಯ ಮುತ್ತಾತ ಅನ್ನಬಹುದು. ತಿರುಗುವ ತಟ್ಟೆಯಿಂದ ಚಿತ್ರ ತಕ್ಷಣ ಕಣ್ಣಿಗೇ ಕಾಣುತ್ತಿತ್ತು. ಕಷ್ಟ ಏನೆಂದರೆ, ತೂತುಗಳ ನಡುವಿನ ತಗಡು ಸುಮಾರು ನೂರಕ್ಕೆ 99 ಪಾಲು ಬೆಳಕನ್ನು ತಡೆದುಬಿಡುತ್ತಿತ್ತು. ಈ ತಟ್ಟೆ ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ.

ಈಗ ಇಂಗ್ಲೆಂಡಿನ ಕೇಂಬ್ರಿಡ್ಜ್. ಇಲ್ಲಿ ನಾವು ಸ್ವಲ್ಪ ನಿಧಾನಿಸುತ್ತೇವೆ, ಯಾಕೆಂದರೆ ಜೀವಂತ ಕೋಶವನ್ನು ದೀರ್ಘಕಾಲ ನೋಡುವುದು ಅಂದರೇನು ಎಂದು ತೋರಿಸಿಕೊಟ್ಟ ಮನುಷ್ಯ ಇಲ್ಲಿದ್ದವರು.

ಮಣ್ಣಿನಲ್ಲಿ ಬದುಕುವ ಒಂದು ಮಿಲಿಮೀಟರ್ ಉದ್ದದ ಹುಳು ಇದೆ, ಸಿ. ಎಲೆಗನ್ಸ್ ಎಂದು ಹೆಸರು. ಮೈ ಗಾಜಿನಂತೆ ಪಾರದರ್ಶಕ. ಇದರ ಮೊಟ್ಟೆಯೊಳಗಿನ ಒಂದೇ ಒಂದು ಕೋಶ ಒಡೆದು ಒಡೆದು ಇಡೀ ಹುಳುವಾಗುವವರೆಗೆ ಪ್ರತಿ ಕೋಶದ ವಂಶಾವಳಿ ಬರೆಯಬೇಕೆಂದು ಜಾನ್ ಸಲ್ಸ್‌ಟನ್ ಹೊರಟರು. ಕ್ಯಾಮೆರಾ ನೆಚ್ಚಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತು, ಕಂಡದ್ದನ್ನು ಬಣ್ಣದ ಪೆನ್ನಿನಲ್ಲಿ ಕಾಗದದ ಮೇಲೆ ಬರೆದರು. ದಿನಕ್ಕೆ ಎರಡು ಸರದಿ, ಒಂದೊಂದು ನಾಲ್ಕು ಗಂಟೆ, ಸುಮಾರು ಒಂದೂವರೆ ವರ್ಷ. ಮನೆಯಲ್ಲಿ ಏನೆಂದರೋ! 1983ರಲ್ಲಿ ಲೆಕ್ಕ ಪ್ರಕಟವಾಯಿತು: ಮೊಟ್ಟೆಯೊಳಗೆ 671 ಕೋಶಗಳು ಹುಟ್ಟುತ್ತವೆ, 113 ಅಲ್ಲೇ ಸಾಯುತ್ತವೆ, 558 ಕೋಶಗಳ ಮರಿಹುಳು ಹೊರಬರುತ್ತದೆ. ಪ್ರತಿ ಮೊಟ್ಟೆಯಲ್ಲೂ ಸಾಯುವುದು ಅವೇ ಕೋಶಗಳು. ಆ ಸಾವು ಅಪಘಾತವಲ್ಲ, ಮೊದಲೇ ಬರೆದಿಟ್ಟದ್ದು ಎಂದು ಹೀಗೆ ತಿಳಿಯಿತು. 2002ರ ನೊಬೆಲ್ ಬಹುಮಾನದಲ್ಲಿ ಸಲ್ಸ್‌ಟನ್ ಅವರಿಗೂ ಪಾಲು ಬಂತು.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಸಲ್ಸ್‌ಟನ್ ಬಳಸಿದ್ದು ಬಣ್ಣ ಹಾಕದ, ಲೇಸರ್ ಇಲ್ಲದ ಸಾಧಾರಣ ಬೆಳಕು. ಗಂಟೆಗಟ್ಟಲೆ ನೋಡಿದರೂ ಮೊಟ್ಟೆ ಸಾಯಲಿಲ್ಲ. ಸತ್ತಿದ್ದರೆ, ಆ 113 ಕೋಶಗಳು ತಾವಾಗಿ ಸತ್ತವೋ ನೋಡಿದ್ದರಿಂದ ಸತ್ತವೋ ಎಂದು ಯಾರು ಹೇಳುತ್ತಿದ್ದರು?

ಆ 1983ರ ಲೇಖನದ ಕೆಳಗೆ ಸಲ್ಸ್‌ಟನ್ ಜೊತೆ ಇನ್ನೂ ಕೆಲವರ ಹೆಸರಿದೆ. ಅವರಲ್ಲಿ ಒಬ್ಬರು ಜಾನ್ ವೈಟ್. ಇದೇ ವೈಟ್, ತಮ್ಮ ಸಂಗಡಿಗ ಬ್ರಾಡ್ ಏಮೋಸ್ ಮತ್ತಿತರರೊಂದಿಗೆ ಸೇರಿ ಮಿನ್ಸ್ಕಿಯ ಹಳೆಯ ಉಪಾಯಕ್ಕೆ ಲೇಸರ್ ಜೋಡಿಸಿದರು. ವಸ್ತು ಅಲುಗದೆ ಕೂತಿರುತ್ತದೆ, ಸಣ್ಣ ಕನ್ನಡಿಗಳು ಲೇಸರ್ ಚುಕ್ಕೆಯನ್ನು ಅದರ ಮೇಲೆ ಸಾಲು ಸಾಲಾಗಿ ಓಡಿಸುತ್ತವೆ, ನೇಗಿಲ ಸಾಲಿನ ಹಾಗೆ. ಆಮ್‌ಸ್ಟರ್‌ಡಾಂ, ಆಕ್ಸ್‌ಫರ್ಡ್, ಸ್ಟಾಕ್‌ಹೋಮ್‌ನಲ್ಲೂ ಇಂಥ ಪ್ರಯತ್ನ ನಡೆದಿತ್ತು. ಆದರೆ 1987ರಲ್ಲಿ ಕೇಂಬ್ರಿಡ್ಜ್ ತಂಡ ಪ್ರಕಟಿಸಿದ ಚಿತ್ರಗಳನ್ನು ಕಂಡು ಜೀವವಿಜ್ಞಾನಿಗಳು ಮುಗಿಬಿದ್ದರು. ಬಯೋ-ರ್‍ಯಾಡ್ ಕಂಪನಿ ಅದನ್ನು ಎಂಆರ್‌ಸಿ-500 ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು, ಬೆನ್ನಿಗೇ ಎಂಆರ್‌ಸಿ-600.

ಇಷ್ಟಾದರೂ ಕಾಣುತ್ತಿದ್ದುದು ಬಹುಪಾಲು ಸತ್ತು ಬಣ್ಣ ಹಚ್ಚಿಸಿಕೊಂಡ ಕೋಶಗಳು. ಬದುಕಿರುವಾಗಲೇ ಕೋಶ ತಾನಾಗಿ ಹೊಳೆಯಬೇಕಲ್ಲ, ಅದಕ್ಕೆ ಸಮುದ್ರದ ಲೋಳೆಮೀನು ಬರಬೇಕಾಯಿತು. ಒಸಾಮು ಶಿಮೊಮುರಾ 1962ರಲ್ಲಿ ಇದರಿಂದ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಬೇರ್ಪಡಿಸಿದ್ದರು. 1992ರಲ್ಲಿ ಡಗ್ಲಸ್ ಪ್ರಾಶರ್ ಅದರ ಜೀನ್ ಪ್ರತ್ಯೇಕಿಸಿ, ಬೇಡಿದವರಿಗೆ ಕಳಿಸಿಕೊಟ್ಟರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಆ ಜೀನನ್ನು ಅದೇ ಒಂದು ಮಿಲಿಮೀಟರ್ ಹುಳುವಿಗೆ ಹಾಕಿದಾಗ ಬದುಕಿರುವ ನರಕೋಶ ಹಸಿರಾಗಿ ಬೆಳಗಿತು. ರೋಜರ್ ಚೆನ್ ಬೇರೆ ಬೇರೆ ಬಣ್ಣ ಮಾಡಿದರು. 2008ರ ನೊಬೆಲ್ ಬಂದದ್ದು ಶಿಮೊಮುರಾ, ಚಾಲ್ಫಿ, ಚೆನ್ ಮೂವರಿಗೆ. ಆ ಹೊತ್ತಿಗೆ ಪ್ರಾಶರ್ ಸಂಶೋಧನೆಯ ಕೆಲಸ ಕಳೆದುಕೊಂಡು ಅಲಬಾಮಾದ ಒಂದು ಕಾರು ಮಳಿಗೆಯಲ್ಲಿ ಗಿರಾಕಿಗಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದರು. ಬಹುಮಾನ ಪಡೆದ ಚಾಲ್ಫಿ ಮತ್ತು ಚೆನ್ ಅವರನ್ನು ಸಮಾರಂಭಕ್ಕೆ ಕರೆಸಿಕೊಂಡರು, ಮುಂದೆ ಚೆನ್ ತಮ್ಮ ಪ್ರಯೋಗಾಲಯದಲ್ಲೇ ಕೆಲಸ ಕೊಟ್ಟರು. ಸೂಕ್ಷ್ಮದರ್ಶಕದ ಕಥೆಗೆ ಇದು ಅಷ್ಟೇನೂ ಬೇಕಿರಲಿಲ್ಲ, ಆದರೆ ಬರೆಯದೆ ಇರಲು ನಮಗೆ ಮನಸ್ಸಾಗಲಿಲ್ಲ.

ಈಗ ಎಲ್ಲ ಕೂಡಿ ಬಂದಿತ್ತು. ಬದುಕಿದ ಕೋಶ ಹೊಳೆಯುತ್ತದೆ, ಕಾನ್ಫೋಕಲ್ ಅದನ್ನು ಪದರ ಪದರವಾಗಿ ತೋರಿಸುತ್ತದೆ. ತೊಡಕು ಶುರುವಾದದ್ದೇ ಇಲ್ಲಿ.

ಹೊಳೆಯುವ ಪ್ರೋಟೀನಿಗೆ ಬೆಳಕು ಹಾಯಿಸಿದಾಗ ಅದು ಹಸಿರು ಬೆಳಕನ್ನು ಮಾತ್ರ ಬಿಡುವುದಿಲ್ಲ. ಸುತ್ತಲ ಆಮ್ಲಜನಕವನ್ನು ಕೆರಳಿಸುತ್ತದೆ, ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಿಷಗಳು ಹುಟ್ಟುತ್ತವೆ. ಅದರಲ್ಲೂ ನೀಲಿ ಬೆಳಕು ಕೋಶಕ್ಕೆ ಆಗಿಬರುವುದಿಲ್ಲ. ಕಾನ್ಫೋಕಲ್‌ನದು ಇನ್ನೊಂದು ಗುಟ್ಟು ಇದೆ. ಅದು ಒಂದೇ ಪದರವನ್ನು ತೋರಿಸುತ್ತದೆ ನಿಜ. ಆದರೆ ಲೇಸರ್ ಬೀಳುವುದು ಮೇಲಿಂದ ಕೆಳಗಿನವರೆಗೆ ಎಲ್ಲ ಪದರಗಳ ಮೇಲೆ. ತೂತು ತಡೆಯುವುದು ವಾಪಸ್ ಬರುವ ಬೆಳಕನ್ನು, ಹೋಗುವ ಬೆಳಕನ್ನಲ್ಲ. ಒಂದು ಸಾಲು ಬದನೆಗೆ ಔಷಧ ಹೊಡೆಯಲು ಹೋಗಿ ಇಡೀ ತೋಟ ತೋಯಿಸಿದ ಹಾಗಾಯಿತು.

ನಮ್ಮ ಹುಡುಗಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ, 48 ಗಂಟೆಗೆ 288 ಸಲ. ಪ್ರತಿ ಸಲ 20 ಪದರ. ಒಟ್ಟು 5,760 ಚಿತ್ರ. ಪ್ರತಿ ಕೋಶವೂ 5,760 ಸಲ ಲೇಸರಿಗೆ ಮೈ ಒಡ್ಡಬೇಕು. ಕಾಗದದ ಮೇಲೆ ಈ ಗುಣಾಕಾರ ಹಾಕಿ ತೋರಿಸಿದಾಗ ಅವಳ ಮುಖ ನೋಡಬೇಕಿತ್ತು. ಯಾರೂ ಅವಳಿಗೆ ಮೊದಲೇ ಹೇಳಿರಲಿಲ್ಲ.

ಇದನ್ನು ಜಗತ್ತಿಗೆ ಎದ್ದು ಕಾಣುವಂತೆ ಮಾಡಿದವರಲ್ಲಿ ಒಬ್ಬರು ಯಾರು ಗೊತ್ತೆ? ಅದೇ ಜಾನ್ ವೈಟ್. ಅವರು ಅಮೆರಿಕದ ವಿಸ್ಕಾನ್ಸಿನ್‌ಗೆ ಹೋಗಿದ್ದರು. 1999ರಲ್ಲಿ ಅವರೂ ಜೇನ್ ಸ್ಕ್ವಿರೆಲ್ ಮತ್ತಿತರರೂ ಸೇರಿ ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಯ ಭ್ರೂಣಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಕಾನ್ಫೋಕಲ್‌ನಲ್ಲಿ ಬರೀ 8 ಗಂಟೆ ನೋಡಿದ ಭ್ರೂಣಗಳ ಬೆಳವಣಿಗೆ ಕುಂಠಿತವಾಯಿತು. ಹೊಳೆಯುವ ಬಣ್ಣ ಹಾಕದೆ ಬರೀ ಲೇಸರ್ ಬಿಟ್ಟರೂ ಅಷ್ಟೇ. ಎರಡು-ಫೋಟಾನ್ ಎಂಬ ಬೇರೆ ವಿಧಾನದಲ್ಲಿ 24 ಗಂಟೆ ನೋಡಿದವು ಮಾತ್ರ ಚೆನ್ನಾಗಿ ಬೆಳೆದವು. ತಾವೇ ಕಟ್ಟಿ ಜಗತ್ತಿಗೆ ಕೊಟ್ಟ ಯಂತ್ರದ ಬಗ್ಗೆ ಹೀಗೆ ಬರೆಯಲು ಗಟ್ಟಿ ಮನಸ್ಸು ಬೇಕು.

ಎರಡು-ಫೋಟಾನ್ ವಿಧಾನದ ಬೇರು ಮರಿಯಾ ಗೋಪರ್ಟ್-ಮೇಯರ್ 1931ರಲ್ಲಿ ಪ್ರಕಟಿಸಿದ ಒಂದು ಲೆಕ್ಕಾಚಾರದಲ್ಲಿದೆ. ಕಡಿಮೆ ಶಕ್ತಿಯ ಎರಡು ಬೆಳಕಿನ ಕಣ ಒಂದೇ ಕ್ಷಣಕ್ಕೆ ಬಂದು ಬಡಿದರೆ ಹೆಚ್ಚು ಶಕ್ತಿಯ ಒಂದು ಕಣದ ಕೆಲಸ ಮಾಡುತ್ತವೆ. ಹಾಗೆ ಎರಡು ಒಟ್ಟಿಗೆ ಬೀಳುವಷ್ಟು ದಟ್ಟಣೆ ಇರುವುದು ಗುರಿಯ ಚುಕ್ಕೆಯಲ್ಲಿ ಮಾತ್ರ. ಮೇಲಿನ ಕೆಳಗಿನ ಪದರ ಹೊಳೆಯುವುದೇ ಇಲ್ಲ. 1990ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೆಂಕ್, ಸ್ಟ್ರಿಕ್ಲರ್ ಮತ್ತು ವೆಬ್ ಅದನ್ನು ಸೂಕ್ಷ್ಮದರ್ಶಕಕ್ಕೆ ತಂದರು. ದಪ್ಪ ವಸ್ತುವಿಗೆ ಇದು ಒಳ್ಳೆಯದು, ಆದರೆ ಲೇಸರಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಅಂಟಿ ಕೂತ ತೆಳ್ಳನೆಯ ಕೋಶಕ್ಕೆ ಅಷ್ಟು ಬೇಕೂ ಇಲ್ಲ.

ಅಂಥ ಕೋಶಕ್ಕೆ ದಾರಿ ಬಂದದ್ದು ಜಪಾನಿನಿಂದ. ಯೊಕೊಗಾವಾ ಕಂಪನಿಯ ಮೂಲ ಕಸುಬು ವಿದ್ಯುತ್ ಮೀಟರು, ಕಾರ್ಖಾನೆಯ ಅಳತೆ ಸಾಧನ. ಪೆಟ್ರಾನ್ ಕಾಲದ ತಿರುಗುವ ತಟ್ಟೆಯನ್ನು ಇವರು ಮತ್ತೆ ಎತ್ತಿಕೊಂಡರು. ತೂತುಗಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ, ಅದರಲ್ಲಿ ಸುಮಾರು 20,000 ಪುಟ್ಟ ಮಸೂರ. ಪ್ರತಿ ಮಸೂರ ತನ್ನ ಕೆಳಗಿನ ತೂತಿಗೆ ಬೆಳಕನ್ನು ಸೇರಿಸಿ ಇಳಿಸುತ್ತದೆ, ಹಂಡೆಯ ಬಾಯಿಗೆ ಲಾಳಿಕೆ ಇಟ್ಟ ಹಾಗೆ. ತಗಡಿಗೆ ಬಡಿದು ವ್ಯರ್ಥವಾಗುತ್ತಿದ್ದ ಬೆಳಕು ಹೀಗೆ ಉಳಿಯಿತು. 1996ರಲ್ಲಿ ಬಂದ ಇವರ ಸಿಎಸ್‌ಯು10 ಸೆಕೆಂಡಿಗೆ 360 ಚಿತ್ರದವರೆಗೆ ತೆಗೆಯಬಲ್ಲದಾಗಿತ್ತು. ಒಂದೇ ಚುಕ್ಕೆಗೆ ಉರಿ ಬಿಸಿಲಿನಂಥ ಬೆಳಕು ಸುರಿಯುವ ಬದಲು ನೂರಾರು ಚುಕ್ಕೆಗಳಿಗೆ ಒಟ್ಟಿಗೆ ಎಳೆಬಿಸಿಲು. ವಾಪಸ್ ಬರುವ ಬೆಳಕನ್ನು ಹಿಡಿಯುವುದು ಕ್ಯಾಮೆರಾ, ಅದು ಹಳೆಯ ಕಾನ್ಫೋಕಲ್‌ನ ಬೆಳಕುಮಾಪಕಕ್ಕಿಂತ ಹೆಚ್ಚು ಸೂಕ್ಷ್ಮ. ಹಾಗಾಗಿ ಕಡಿಮೆ ಲೇಸರ್ ಸಾಕು. ಇದಕ್ಕೂ ಮಿತಿ ಇದೆ. ವಸ್ತು ದಪ್ಪವಾದರೆ ಒಂದು ತೂತಿನ ಮಬ್ಬು ಪಕ್ಕದ ತೂತಿನಿಂದ ನುಸುಳುತ್ತದೆ.

ಇನ್ನೊಂದು ದಾರಿ, ಪಕ್ಕದಿಂದ ಬೆಳಕು ಬಿಡುವುದು. ಹೆಂಚಿನ ಮನೆಯಲ್ಲಿ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದಾಗ ಆ ಕೋಲಿನೊಳಗಿನ ಧೂಳು ಮಾತ್ರ ಮಿನುಗುತ್ತದಲ್ಲ, ಅದೇ ತತ್ವ. ಜರ್ಮನಿಯ ಸೀಡೆನ್‌ಟಾಫ್ ಮತ್ತು ಜಿಗ್ಮಂಡಿ 1903ರಲ್ಲೇ ಗಾಜಿನೊಳಗಿನ ಚಿನ್ನದ ಕಣಗಳನ್ನು ಹೀಗೆ ನೋಡಿದ್ದರು. ಒಂದು ಶತಮಾನ ಕಳೆದು 2004ರಲ್ಲಿ ಹೈಡೆಲ್‌ಬರ್ಗ್‌ನ ಯಾನ್ ಹಾಯ್ಸ್‌ಕೆನ್, ಅರ್ನ್ಸ್ಟ್ ಸ್ಟೆಲ್ಜರ್ ಮತ್ತು ಸಂಗಡಿಗರು ಬೆಳಕನ್ನು ತೆಳು ಹಾಳೆಯಂತೆ ಮಾಡಿ ಜೀವಂತ ಭ್ರೂಣದ ಪಕ್ಕದಿಂದ ತೂರಿಸಿದರು. ನೋಡುವ ಪದರ ಮಾತ್ರ ಬೆಳಗುತ್ತದೆ, ಉಳಿದವು ಕತ್ತಲಲ್ಲಿ ಹಾಯಾಗಿರುತ್ತವೆ. 2008ರಲ್ಲಿ ಅದೇ ಕಡೆಯ ತಂಡ ಜೀಬ್ರಾಮೀನಿನ ಭ್ರೂಣದ ಮೊದಲ 24 ಗಂಟೆಯ ಕೋಶಗಳ ಓಡಾಟವನ್ನು ಹೀಗೇ ಸೆರೆಹಿಡಿಯಿತು. ಸಲ್ಸ್‌ಟನ್ ಕಣ್ಣಲ್ಲಿ ಮಾಡಿದ್ದನ್ನು ಸಾವಿರಾರು ಕೋಶಗಳಿಗೆ ಯಂತ್ರ ಮಾಡಿತು. ಮೊಟ್ಟೆ, ಭ್ರೂಣಗಳಿಗೆ ಇದಕ್ಕಿಂತ ಸೌಮ್ಯವಾದದ್ದು ಕಡಿಮೆ. ತೊಂದರೆ ಎಂದರೆ ಪಕ್ಕದಿಂದ ಬೆಳಕು ಬಿಡುವುದರಿಂದ ವಸ್ತುವನ್ನು ಬೇರೆ ರೀತಿ ಕೂರಿಸಬೇಕು, ಮಾಮೂಲಿ ತಟ್ಟೆ ಎಲ್ಲದರಲ್ಲೂ ನಡೆಯುವುದಿಲ್ಲ. ಚಿತ್ರಗಳು ಟೆರಾಬೈಟ್ ಲೆಕ್ಕದಲ್ಲಿ ಬಂದು ಬೀಳುತ್ತವೆ, ಇಡಲು ಜಾಗವಿಲ್ಲದೆ ಪರದಾಟ.

ನಮ್ಮ ನಾಡಿನಲ್ಲೂ ಈ ಕೆಲಸ ನಡೆದಿದೆ. ಕೃಷಿ ಮೇಳಕ್ಕೆಂದು ನೀವೆಲ್ಲ ಹೋಗುವ ಬೆಂಗಳೂರಿನ ಜಿಕೆವಿಕೆ ಆವರಣದಲ್ಲೇ ಎನ್‌ಸಿಬಿಎಸ್ ಇದೆ, ಜೀವವಿಜ್ಞಾನದ ದೊಡ್ಡ ಸಂಶೋಧನಾ ಕೇಂದ್ರ. ನಾವೂ ಎಷ್ಟೋ ಸಲ ಬಿತ್ತನೆ ಬೀಜದ ಮಳಿಗೆ ನೋಡಿ ಅದರ ಕಡೆ ತಿರುಗಿಯೂ ನೋಡದೆ ಬಂದಿದ್ದೇವೆ. ಅದೇ ಒಂದು ಮಿಲಿಮೀಟರ್ ಹುಳುವಿನ ನರದೊಳಗೆ ಸಾಮಾನು ಸಾಗಾಟ ಹೇಗೆ ನಡೆಯುತ್ತದೆ ಎಂದು ನೋಡಲು ಹುಳುವನ್ನು ಅಲುಗದಂತೆ ಹಿಡಿಯಬೇಕು. ಅರಿವಳಿಕೆ ಕೊಟ್ಟರೆ ಸಾಗಾಟವೇ ಏರುಪೇರಾಗುತ್ತದೆ. ಎನ್‌ಸಿಬಿಎಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಉಪಾಯದಲ್ಲಿ, ರಬ್ಬರಿನಂಥ ತೆಳು ಪೊರೆ ಗ್ಯಾಸ್ ಒತ್ತಡದಲ್ಲಿ ಉಬ್ಬಿ ಹುಳುವನ್ನು ಮೆಲ್ಲಗೆ ಒತ್ತಿ ಹಿಡಿಯುತ್ತದೆ. ನೋಡಿಯಾದ ಮೇಲೆ ಒತ್ತಡ ಬಿಟ್ಟರೆ ಹುಳು ತನ್ನ ದಾರಿ ಹಿಡಿಯುತ್ತದೆ.

ನಮ್ಮ ಹುಡುಗಿಯ ಪ್ರಯೋಗಾಲಯದಲ್ಲಿ ಈಗ ಮೂರು ಕಂಪನಿಯವರು ಬಂದು ಹೋಗಿದ್ದಾರೆ. ಎಲ್ಲರೂ ತೋರಿಸುವುದು ಚೆಂದದ ಚಿತ್ರ. ಸತ್ತ ಕೋಶದ ಚಿತ್ರ ಎಲ್ಲ ಯಂತ್ರದಲ್ಲೂ ಚೆಂದವೇ ಬರುತ್ತದೆ ಅನ್ನುವುದು ಅವಳ ತಕರಾರು. ಹಿರಿಯರೊಬ್ಬರಿಗೆ ಎಲ್ಲ ಕೆಲಸಕ್ಕೂ ಆಗುವ ಲೇಸರ್ ಚುಕ್ಕೆಯ ಯಂತ್ರವೇ ಇರಲಿ ಅಂತ. ಅವರ ಮಾತಲ್ಲೂ ಹುರುಳಿದೆ, ಹತ್ತು ಜನ ಬಳಸುವ ಯಂತ್ರ ಅದು. ಆದರೂ ಎರಡು ದಿನ ಬದುಕಿಸಿ ನೋಡುವುದೇ ಮುಖ್ಯ ಕೆಲಸವಾದರೆ, ತೆಳ್ಳನೆಯ ಕೋಶಕ್ಕೆ ತಿರುಗುವ ತಟ್ಟೆಯೇ ಸರಿ ಎಂದು ನಮಗೂ ಅನ್ನಿಸುತ್ತದೆ. ಜೊತೆಗೆ ಕರಪತ್ರದ ಮೊದಲ ಪುಟದಲ್ಲಿ ಇರದ ಸಂಗತಿಗಳನ್ನು ಅವಳು ಪಟ್ಟಿ ಮಾಡಿದ್ದಾಳೆ. ಕೋಶ ಕೂರುವ ಗೂಡು 37 ಡಿಗ್ರಿ ಶಾಖ, ನೂರಕ್ಕೆ 5 ಇಂಗಾಲದ ಡೈಆಕ್ಸೈಡ್ ಎರಡು ದಿನ ಹಿಡಿದಿಡುತ್ತದೆಯೇ? ರಾತ್ರಿ ಕೋಣೆ ತಣ್ಣಗಾದಾಗ ಗುರಿ ಸರಿದರೆ ಯಂತ್ರ ತಾನೇ ಸರಿಪಡಿಸಿಕೊಳ್ಳುತ್ತದೆಯೇ? ಮಸೂರಕ್ಕೂ ತಟ್ಟೆಗೂ ನಡುವೆ ಹಾಕುವ ನೀರಿನ ಹನಿ ಬೆಳಗಾಗುವುದರೊಳಗೆ ಆರಿಹೋದರೆ ಏನು ಗತಿ? ಕರೆಂಟು ಹೋದರೆ? ಕೆಟ್ಟರೆ ರಿಪೇರಿಯವರು ಎಲ್ಲಿಂದ ಬರಬೇಕು, ಎಷ್ಟು ದಿನಕ್ಕೆ?

ಅವರಪ್ಪ ಇದನ್ನೆಲ್ಲ ಕೇಳಿ, "ಹುಳ ಜ್ವರಕ್ಕೆ ಕೂತಾಗ ನಾವು ಮನೆಯೊಳಗೆ ಜೋರಾಗಿ ಓಡಾಡಲ್ಲ, ನಿಮ್ದೂ ಅದೇ ಅನ್ನು" ಅಂದರು.

ಕಳೆದ ವಾರ ಒಂದು ಕಂಪನಿಯವರು ಯಂತ್ರವನ್ನೇ ತಂದು ಎರಡು ದಿನಕ್ಕೆ ಇಟ್ಟು ಹೋದರು. ಅವಳು ಎರಡು ತಟ್ಟೆ ಮಾಡಿದಳು, ಎರಡರಲ್ಲೂ ಒಂದೇ ದಿನದ, ಒಂದೇ ಮಡಕೆಯ ಕೋಶಗಳು. ಒಂದು ತಟ್ಟೆಗೆ 48 ಗಂಟೆ ಬೆಳಕು. ಇನ್ನೊಂದಕ್ಕೆ ಶಾಖ, ಗಾಳಿ ಎಲ್ಲ ಅದೇ, ಬೆಳಕು ಮಾತ್ರ ಇಲ್ಲ. ಮೂರನೇ ದಿನ ಬೆಳಿಗ್ಗೆ ಎರಡನ್ನೂ ಎಣಿಸಿ ಫೋನ್ ಮಾಡಿದ್ದಳು. ಕತ್ತಲ ತಟ್ಟೆಗಿಂತ ಬೆಳಕಿನ ತಟ್ಟೆಯಲ್ಲಿ ಸ್ವಲ್ಪ ಕಡಿಮೆ ಇವೆ, ಆದರೆ ಬದುಕಿವೆ, ಒಡೆಯುತ್ತಿವೆ ಅಂದಳು. ಲೇಸರನ್ನು ಇನ್ನೂ ಅರ್ಧಕ್ಕೆ ಇಳಿಸಿ, ಹತ್ತು ನಿಮಿಷದ ಬದಲು ಹದಿನೈದು ನಿಮಿಷಕ್ಕೊಂದು ಚಿತ್ರ ತೆಗೆದು ಮತ್ತೆ ನೋಡುತ್ತಾಳಂತೆ. ಉಳಿದ ಇಬ್ಬರು ಕಂಪನಿಯವರಿಗೂ ಯಂತ್ರ ತನ್ನಿ ಎಂದು ಕಾಗದ ಹೋಗಿದೆ.